ಟಿವಿಯನ್ನು ಫೈಲಾಗಿಸಿದ ಡಬ್ಬಿ

ಎಚ್‌ಡಿ ಟಿವಿ ಅಮೆರಿಕದ ಮನೆಗಳಿಗೆ ಬಂದ ಕೆಲವು ವರ್ಷಗಳಲ್ಲೇ ಅದರ ಬೆನ್ನಿಗೆ ಒಂದು ಬೀಗವೂ ಬಂತು. ಸೆಟ್‌ಟಾಪ್ ಬಾಕ್ಸಿನಿಂದ ಟಿವಿಗೆ ಹೋಗುವ ಎಚ್‌ಡಿಎಂಐ ವೈರಿನಲ್ಲಿ ಚಿತ್ರ ಹರಿಯುವ ಮೊದಲು ಎರಡು ತುದಿಯ ಯಂತ್ರಗಳೂ ಪರಸ್ಪರ ಗುರುತು ಕೇಳಿಕೊಳ್ಳುತ್ತವೆ. ಗುರುತು ತಾಳೆಯಾಗದಿದ್ದರೆ ಪರದೆ ಕಪ್ಪು. ಇಂಟೆಲ್ ರೂಪಿಸಿದ ಈ ಏರ್ಪಾಡಿಗೆ ಎಚ್‌ಡಿಸಿಪಿ ಎಂದು ಹೆಸರು. ರೆಕಾರ್ಡ್ ಮಾಡಲು ಹೊರಟ ಯಂತ್ರಕ್ಕೆ ಅಲ್ಲಿ ಪ್ರವೇಶವಿಲ್ಲ. ಆದರೆ ಅದೇ ಬಾಕ್ಸಿನ ಬೆನ್ನಿನಲ್ಲಿ ಹಸಿರು, ನೀಲಿ, ಕೆಂಪು ಬಣ್ಣದ ಮೂರು ದುಂಡನೆಯ ಕಿಂಡಿಗಳಿದ್ದವು. ಕಾಂಪೊನೆಂಟ್ ಎಂದು ಕರೆಯುವ ಈ ಅನಲಾಗ್ ದಾರಿಯಲ್ಲಿ ಅದೇ ಎಚ್‌ಡಿ ಚಿತ್ರ ಯಾರ ಗುರುತನ್ನೂ ಕೇಳದೆ ಹೊರಗೆ ಬರುತ್ತಿತ್ತು. 2008ರಲ್ಲಿ ನ್ಯೂಯಾರ್ಕ್ ರಾಜ್ಯದ ಹಾಪಾಗ್ ಕಂಪನಿ ಮಾರುಕಟ್ಟೆಗೆ ತಂದ ‘ಎಚ್‌ಡಿ ಪಿವಿಆರ್’ ಎಂಬ ಡಬ್ಬಿ ಬದುಕಿದ್ದೇ ಈ ಮೂರು ಕಿಂಡಿಗಳನ್ನು ನಂಬಿ.

ಸುಮಾರು 250 ಡಾಲರ್ ಬೆಲೆಯ ಈ ಸಾಧನ ಮಾಡುತ್ತಿದ್ದ ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳಬಹುದು. ಕೇಬಲ್ ಅಥವಾ ಉಪಗ್ರಹ ಬಾಕ್ಸಿನಿಂದ ಬರುವ ಎಚ್‌ಡಿ ಚಿತ್ರವನ್ನು ಹಿಡಿದು, ಸಂಕುಚಿಸಿ, ಯುಎಸ್‌ಬಿ ವೈರಿನ ಮೂಲಕ ಕಂಪ್ಯೂಟರಿಗೆ ಒಂದು ಫೈಲಾಗಿ ಒಪ್ಪಿಸುವುದು. ಕಂಪನಿ ಇದನ್ನು ಟಿವಿ ರೆಕಾರ್ಡರ್ ಎಂದು ಮಾರಿತು. ಹಾಗೆಂದು ಅಳೆದರೆ ಇದು ಮಧ್ಯಮ ದರ್ಜೆಯ ಸರಕು. ಆದರೆ ಸಾಮಾನ್ಯ ಪ್ರೇಕ್ಷಕನ ಕೈಗೆ ಸಿಕ್ಕ ದಾಖಲೀಕರಣದ ಸಾಧನವೆಂದು ನೋಡಿದರೆ, ಅದರ ಅಷ್ಟೂ ಕುಂದುಗಳ ನಡುವೆಯೂ, ಇದಕ್ಕೆ ಸರಿಸಾಟಿಯಾದದ್ದು ಆ ಕಾಲದಲ್ಲಿ ಹೆಚ್ಚೇನೂ ಇರಲಿಲ್ಲ.

ಡಿಜಿಟಲ್ ದಾರಿಗೆ ಬೀಗ ಜಡಿದವರು ಅನಲಾಗ್ ದಾರಿಯನ್ನು ಮರೆತುಬಿಟ್ಟಿದ್ದರೇ? ಮರೆತಿರಲಿಲ್ಲ. ಹಾಲಿವುಡ್ಡಿನವರು ಅದನ್ನು ‘ಅನಲಾಗ್ ರಂಧ್ರ’ ಎಂದೇ ಕರೆದು ಮುಚ್ಚಿಸಲು ಹೋರಾಡುತ್ತಿದ್ದರು. ಆದರೆ ಎಚ್‌ಡಿಎಂಐ ಬರುವ ಮುಂಚೆಯೇ ಸಾವಿರಾರು ಡಾಲರ್ ಸುರಿದು ಎಚ್‌ಡಿ ಟಿವಿ ಕೊಂಡ ಗಿರಾಕಿಗಳ ಮನೆಯಲ್ಲಿ ಕಾಂಪೊನೆಂಟ್ ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ರಂಧ್ರ ಮುಚ್ಚಿದರೆ ಅಷ್ಟೂ ಟಿವಿಗಳಲ್ಲಿ ಎಚ್‌ಡಿ ಚಿತ್ರ ನಿಂತುಹೋಗುತ್ತಿತ್ತು. ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2003ರಲ್ಲಿ ತಂದ ನಿಯಮಗಳು, ಕೇಬಲ್ ಕಂಪನಿಗಳು ತಮಗೆ ಬೇಕಾದಾಗ ಬಾಕ್ಸಿನ ಒಂದೊಂದೇ ಕಿಂಡಿಯನ್ನು ಮುಚ್ಚುವುದನ್ನು ತಡೆದವು. ಅದೇ ಸಂಸ್ಥೆ ಅದೇ ವರ್ಷ ಇನ್ನೊಂದು ಕೈಯಲ್ಲಿ ‘ಬ್ರಾಡ್‌ಕಾಸ್ಟ್ ಫ್ಲ್ಯಾಗ್’ ಎಂಬ ನಿಯಮವನ್ನೂ ತಂದಿತು ಎನ್ನುವುದು ತಮಾಷೆ. ಪ್ರಸಾರದೊಳಗೆ ಒಂದು ಗುಪ್ತ ಚಿಹ್ನೆ ಇಟ್ಟು, ಅದನ್ನು ಕಂಡ ಯಂತ್ರಗಳು ನಕಲನ್ನು ನಿರ್ಬಂಧಿಸಬೇಕೆಂಬ ಕಟ್ಟಳೆ ಅದು. 2005ರ ಮೇ ತಿಂಗಳಲ್ಲಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಆ ಮೊಕದ್ದಮೆ ಹೂಡಿದವರಲ್ಲಿ ಮುಂದೆ ನಿಂತದ್ದು ಯಾವ ಎಲೆಕ್ಟ್ರಾನಿಕ್ಸ್ ಕಂಪನಿಯೂ ಅಲ್ಲ, ಅಮೆರಿಕದ ಗ್ರಂಥಾಲಯಗಳ ಸಂಘ.

ಇನ್ನು ಡಬ್ಬಿಯ ಒಳಗಿನ ಕಸುಬು. ಎಚ್‌ಡಿ ಚಿತ್ರದ ಒಂದು ಚೌಕಟ್ಟಿನಲ್ಲಿ 1920 ಅಡ್ಡ, 1080 ಉದ್ದ ಚುಕ್ಕೆಗಳು. ಸೆಕೆಂಡಿಗೆ 30 ಚೌಕಟ್ಟು, ಚುಕ್ಕೆಗೆ 16 ಬಿಟ್ ಎಂದು ಹಿಡಿದರೂ ಸೆಕೆಂಡಿಗೆ ಹೆಚ್ಚುಕಡಿಮೆ ಸಾವಿರ ಮೆಗಾಬಿಟ್ ಆಗುತ್ತದೆ. ಯುಎಸ್‌ಬಿ 2.0 ವೈರಿನ ಸಾಮರ್ಥ್ಯ ಕಾಗದದ ಮೇಲೆಯೇ 480 ಮೆಗಾಬಿಟ್. ಅಂದರೆ ಹಸಿ ಚಿತ್ರ ಆ ವೈರಿನೊಳಗೆ ಹಿಡಿಸುವುದೇ ಇಲ್ಲ. ಹಾಗಾಗಿ ಸಂಕುಚನದ ಕೆಲಸವನ್ನು ಕಂಪ್ಯೂಟರಿಗೆ ಬಿಡದೆ ಡಬ್ಬಿಯಲ್ಲೇ ಒಂದು ಚಿಪ್ಪಿಗೆ ವಹಿಸಿದ್ದು ಹಾಪಾಗ್ ಮಾಡಿದ ಜಾಣತನ. ಆ ಚಿಪ್ಪು ಎಚ್.264 ವಿಧಾನದಲ್ಲಿ ಚಿತ್ರವನ್ನು ಸೆಕೆಂಡಿಗೆ 1ರಿಂದ 13.5 ಮೆಗಾಬಿಟ್‌ಗಳ ನಡುವೆ, ಬಳಕೆದಾರ ಹೇಳಿದ ಮಟ್ಟಕ್ಕೆ ಇಳಿಸುತ್ತಿತ್ತು. ಗರಿಷ್ಠ ಮಟ್ಟದಲ್ಲಿ ಒಂದು ಗಂಟೆಯ ಕಾರ್ಯಕ್ರಮಕ್ಕೆ ಸುಮಾರು 6 ಗಿಗಾಬೈಟ್. 5 ಮೆಗಾಬಿಟ್‌ಗೆ ಇಳಿಸಿಕೊಂಡರೆ ಎರಡು ಗಂಟೆಯ ಸಿನಿಮಾ ಒಂದು ಮಾಮೂಲಿ ಡಿವಿಡಿಯಲ್ಲಿ ಕೂರುತ್ತಿತ್ತು. ಅಂಥ ಡಿವಿಡಿಯನ್ನು ಬ್ಲೂರೇ ಪ್ಲೇಯರಿಗೆ ಹಾಕಿ ಎಚ್‌ಡಿಯಲ್ಲೇ ನೋಡಬಹುದಿತ್ತು. ಖಾಲಿ ಬ್ಲೂರೇ ಡಿಸ್ಕುಗಳ ಬೆಲೆ ಕಣ್ಣು ಕುಕ್ಕುವಂತಿದ್ದ ಆ ದಿನಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ಭಾರದ ಕೆಲಸ ಡಬ್ಬಿಯದೇ ಆದ್ದರಿಂದ ಹಳೆಯ ಬಡಕಲು ಕಂಪ್ಯೂಟರೂ ರೆಕಾರ್ಡ್ ಮಾಡಬಲ್ಲದು. ವಿಚಿತ್ರವೆಂದರೆ, ಹಾಗೆ ರೆಕಾರ್ಡ್ ಮಾಡಿದ ಫೈಲನ್ನು ಅದೇ ಕಂಪ್ಯೂಟರ್ ಓಡಿಸಲಾರದು. ಎಚ್.264 ಚಿತ್ರವನ್ನು ಬಿಚ್ಚಿ ತೋರಿಸುವುದಕ್ಕೆ 2008ರ ಲೆಕ್ಕದಲ್ಲಿ ಒಳ್ಳೆಯ ಪ್ರೊಸೆಸರ್ ಜೊತೆಗೆ ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು. ಇಲ್ಲದಿದ್ದರೆ ಮಾತು ಮುಂದೆ, ತುಟಿ ಹಿಂದೆ. ಬರೆದಿಟ್ಟವನಿಗೇ ಓದಲಾಗದ ಪುಸ್ತಕ! ಡಬ್ಬಿಯ ಹೊರಮೈಯಲ್ಲಿ ಮುದ್ರಿಸಿದ ಹೊಗಳಿಕೆಗಳಲ್ಲಿ ಈ ಸಂಗತಿಗೆ ಸಿಗಬೇಕಾದಷ್ಟು ದೊಡ್ಡ ಅಕ್ಷರ ಸಿಗಲಿಲ್ಲ.

ಜೋಡಣೆಯ ಹೊತ್ತಿಗೆ ನಡೆಯುತ್ತಿದ್ದ ಪಜೀತಿಗಳಿಂದಲೇ ಈ ಸಾಧನದ ಸ್ವಭಾವ ತಿಳಿಯುತ್ತದೆ. ಬಾಕ್ಸಿನಿಂದ ಡಬ್ಬಿಗೆ ಐದು ಪಿನ್ನುಗಳು ಹೋಗಬೇಕು: ಚಿತ್ರಕ್ಕೆ ಹಸಿರು, ನೀಲಿ, ಕೆಂಪು, ಧ್ವನಿಗೆ ಬಿಳಿ, ಕೆಂಪು. ಕೆಂಪು ಎರಡಿವೆ. ಟಿವಿಯ ಹಿಂದಿನ ಕತ್ತಲಲ್ಲಿ ಕೈ ತೂರಿಸಿ ತಡಕಾಡುವವನು ಚಿತ್ರದ ಕೆಂಪನ್ನು ಧ್ವನಿಯ ಕಿಂಡಿಗೆ ಚುಚ್ಚಿದರೆ ಮುಖಗಳ ಬಣ್ಣವೇ ಕೆಟ್ಟು, ಒಂದು ಸ್ಪೀಕರಿನಿಂದ ಗೊರಗೊರ ಸದ್ದು ಬರುತ್ತದೆ. ಹಸಿರೊಂದನ್ನೇ ಸಿಕ್ಕಿಸಿದರೆ ಚಿತ್ರ ಸೊಗಸಾಗಿಯೇ ಬರುತ್ತದೆ, ಆದರೆ ಕಪ್ಪುಬಿಳುಪಿನಲ್ಲಿ. ಏಕೆಂದರೆ ಹಸಿರು ವೈರು ಹೊರುವುದು ಹಸಿರನ್ನಲ್ಲ, ಚಿತ್ರದ ಬೆಳಕನ್ನು. ನೀಲಿ ಮತ್ತು ಕೆಂಪು ವೈರುಗಳಲ್ಲಿ ಬಣ್ಣದ ವ್ಯತ್ಯಾಸಗಳಷ್ಟೇ ಹರಿಯುತ್ತವೆ. ಡಬ್ಬಿಯಿಂದ ಟಿವಿಗೆ ಮತ್ತೊಂದು ಜೊತೆ ವೈರು. ಚಿತ್ರ ಡಬ್ಬಿಯ ಮೂಲಕವೇ ಹಾದು ಟಿವಿಗೆ ಹೋಗುವುದರಿಂದ ನೋಡುವವರಿಗೆ ತಡವಾಗುವುದಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಮಾತ್ರ ಅದೇ ದೃಶ್ಯ ಕೆಲವು ಸೆಕೆಂಡು ಹಿಂದುಳಿದು ಕಾಣುತ್ತದೆ.

ಚಾನೆಲ್ ಬದಲಿಸುವ ಏರ್ಪಾಡನ್ನು ನೋಡಿದರೆ ನಗು ಬರುತ್ತದೆ. ಸೆಟ್‌ಟಾಪ್ ಬಾಕ್ಸಿಗೂ ಕಂಪ್ಯೂಟರಿಗೂ ಮಾತುಕತೆಯೇ ಇಲ್ಲ. ಆದ್ದರಿಂದ ಡಬ್ಬಿಯಿಂದ ಹೊರಟ ಸಣ್ಣ ವೈರಿನ ತುದಿಗೆ ರಿಮೋಟಿನಲ್ಲಿರುವಂಥದ್ದೇ ಒಂದು ದೀಪ ಕಟ್ಟಿ, ಅದನ್ನು ಬಾಕ್ಸಿನ ಮುಖಕ್ಕೆ ಅಂಟಿಸಬೇಕು. ನಿಗದಿತ ಹೊತ್ತಿಗೆ ಕಂಪ್ಯೂಟರ್ ಆ ದೀಪ ಮಿಟುಕಿಸಿ 7, 0, 2 ಎಂದು ಅಂಕಿ ಒತ್ತಿದಂತೆ ನಟಿಸುತ್ತದೆ. ನಡುವಿನ ಸೊನ್ನೆ ತಪ್ಪಿತೆಂದರೆ ಬಾಕ್ಸು 72ಕ್ಕೆ ಹೋಗಿ ಕೂರುತ್ತದೆ. ಫುಟ್‌ಬಾಲ್ ಪಂದ್ಯ ಹಿಡಿಯಲು ಹೇಳಿ ಮಲಗಿದವನಿಗೆ ಬೆಳಿಗ್ಗೆ ಸಿಗುವುದು ಮೂರು ಗಂಟೆಯ ಅಡುಗೆ ಕಾರ್ಯಕ್ರಮ, ಅದೂ ಸ್ಫುಟವಾದ ಎಚ್‌ಡಿಯಲ್ಲಿ.

ಇದಕ್ಕಿಂತ ಗಂಭೀರವಾದ ತೊಡಕು ಇನ್ನೊಂದು. ಅಮೆರಿಕದ ಚಾನೆಲ್ಲುಗಳೆಲ್ಲ ಒಂದೇ ಅಳತೆಯಲ್ಲಿ ಪ್ರಸಾರ ಮಾಡುವುದಿಲ್ಲ. ಎಬಿಸಿ, ಫಾಕ್ಸ್, ಇಎಸ್‌ಪಿಎನ್‌ಗಳದು 720 ಗೆರೆ. ಸಿಬಿಎಸ್, ಎನ್‌ಬಿಸಿಗಳದು 1080. ಬಾಕ್ಸು ಬಂದ ಅಳತೆಯನ್ನೇ ದಾಟಿಸಿದರೆ, ಚಾನೆಲ್ ಬದಲಾದ ಕ್ಷಣ ಡಬ್ಬಿ ತಬ್ಬಿಬ್ಬಾಗಿ ರೆಕಾರ್ಡಿಂಗ್ ನಿಲ್ಲಿಸಿಬಿಡುತ್ತಿತ್ತು. ಬಾಕ್ಸಿನ ಸೆಟ್ಟಿಂಗಿನಲ್ಲಿ ಎಲ್ಲವನ್ನೂ ಒಂದೇ ಅಳತೆಗೆ ಕಟ್ಟಿಹಾಕುವುದು ಇದಕ್ಕೆ ಪರಿಹಾರ. ಆಗ ಕೆಲವು ಚಾನೆಲ್ಲುಗಳ ಚಿತ್ರ ಅನಗತ್ಯವಾಗಿ ಹಿಗ್ಗಿ ಬರುತ್ತದೆ. ಇದರ ಜೊತೆಗೆ ಬಿಸಿಯ ಕಾಟ. ಗಂಟೆಗಟ್ಟಲೆ ಓಡಿದ ಮೇಲೆ ಡಬ್ಬಿ ಕಾದು ಸ್ತಬ್ಧವಾಗುತ್ತದೆ ಎಂಬ ದೂರು ಎಷ್ಟು ವ್ಯಾಪಕವಾಗಿತ್ತೆಂದರೆ, ಅದರ ಪಕ್ಕದಲ್ಲಿ ಪುಟ್ಟ ಫ್ಯಾನು ಇಟ್ಟುಕೊಳ್ಳುವುದು ಬಳಕೆದಾರರಲ್ಲಿ ರೂಢಿಯೇ ಆಗಿಹೋಯಿತು. ಮನೆಯಲ್ಲಿ ಯಾರೂ ಇಲ್ಲದಾಗ ತಾನೇ ಕೆಲಸ ಮಾಡಬೇಕಾದ ಯಂತ್ರಕ್ಕೆ ಇದು ಕ್ಷಮಿಸಬಹುದಾದ ದೋಷವಲ್ಲ. ಟಿವಿ ರೆಕಾರ್ಡರಿನ ಮೊದಲ ಗುಣ ಚಿತ್ರದ ಸ್ಫುಟತೆಯಲ್ಲ, ನೆಚ್ಚಿಕೆ. ಆ ಪರೀಕ್ಷೆಯಲ್ಲಿ ಹಾಪಾಗ್ ಡಬ್ಬಿ ಗಡಿಯಲ್ಲಿ ಪಾಸಾದ ವಿದ್ಯಾರ್ಥಿ.

ಚಿತ್ರದ ಗುಣಮಟ್ಟ ಹೇಗೆ? ಇಲ್ಲಿ ಎರಡು ಮಾತನ್ನು ಬೇರೆಬೇರೆ ಹಿಡಿಯಬೇಕು. ಅಮೆರಿಕದಲ್ಲಿ ಆಂಟೆನಾಗೆ ಬರುವ ಡಿಜಿಟಲ್ ಪ್ರಸಾರದ ಒಟ್ಟು ವೇಗ ಸೆಕೆಂಡಿಗೆ 19.39 ಮೆಗಾಬಿಟ್, ಅದೂ ಹಳೆಯ ಎಂಪೆಗ್-2 ವಿಧಾನದಲ್ಲಿ. ಅದೇ ಗುಣಮಟ್ಟಕ್ಕೆ ಎಚ್.264ಗೆ ಸುಮಾರು ಅರ್ಧದಷ್ಟು ಬಿಟ್ ಸಾಕು. ಹಾಗಾಗಿ 13.5 ಮೆಗಾಬಿಟ್ ಎನ್ನುವುದು ಲೆಕ್ಕದಲ್ಲಿ ಧಾರಾಳವೇ. ಆದರೆ ಬಾಕ್ಸು ಒಮ್ಮೆ ಬಿಚ್ಚಿ ಅನಲಾಗ್ ಮಾಡಿದ ಚಿತ್ರವನ್ನು ಡಬ್ಬಿ ಮತ್ತೆ ಡಿಜಿಟಲ್ ಮಾಡಿ ಎರಡನೇ ಸಲ ಹಿಂಡುತ್ತದೆ. ಫಲಿತಾಂಶ ಜೆರಾಕ್ಸಿನ ಜೆರಾಕ್ಸ್. ಕೂತು ಮಾತಾಡುವ ಸುದ್ದಿವಾಚಕನ ಮುಖದಲ್ಲಿ ವ್ಯತ್ಯಾಸ ಹುಡುಕಿದರೂ ಸಿಗದು. ಕ್ಯಾಮೆರಾ ಆಟದ ಮೈದಾನದ ಹುಲ್ಲಿನ ಮೇಲೆ ವೇಗವಾಗಿ ತಿರುಗಿದಾಗ, ನೀರು ಚಿಮ್ಮಿದಾಗ, ವೇದಿಕೆಯ ಮೇಲೆ ಬಣ್ಣದ ಕಾಗದದ ಚೂರು ಸುರಿದಾಗ ಚಿತ್ರ ಚೌಕ ಚೌಕವಾಗಿ ಕದಡುತ್ತದೆ. ಮೂಲ ಪ್ರಸಾರದಲ್ಲೇ ಕೇಬಲ್ ಕಂಪನಿ ಜಿಪುಣತನ ಮಾಡಿದ್ದರೆ ಆ ಕೊಳೆಯನ್ನೂ ಡಬ್ಬಿ ಶ್ರದ್ಧೆಯಿಂದ ಬರೆದಿಡುತ್ತದೆ.

ಇಷ್ಟೆಲ್ಲ ಇದ್ದರೂ ಜನ ಇದನ್ನು ಕೊಂಡರು. ಅದಕ್ಕೆ ಕಾರಣ ತಿಳಿಯಬೇಕಾದರೆ ಆಗ ಸಿಗುತ್ತಿದ್ದ ಬೇರೆ ದಾರಿಗಳನ್ನು ನೋಡಬೇಕು. ಆಂಟೆನಾ ಇದ್ದವರಿಗೆ ಟ್ಯೂನರ್ ಕಾರ್ಡೇ ಉತ್ತಮ. ಗಾಳಿಯಲ್ಲಿ ಬಂದ ಬಿಟ್ಟುಗಳನ್ನು ಒಂದೂ ಬಿಡದೆ ಹಾಗೇ ಬರೆದಿಡುತ್ತದೆ. ಆದರೆ ಕೇಬಲ್ಲಿನ ಗೂಢಲಿಪೀಕರಿಸಿದ ಚಾನೆಲ್ಲುಗಳು ಅದಕ್ಕೆ ದಕ್ಕುವುದಿಲ್ಲ. 2010ರಲ್ಲಿ ಬಂದ ಕೇಬಲ್‌ಕಾರ್ಡ್ ಟ್ಯೂನರುಗಳು ಅವನ್ನೂ ಬಿಚ್ಚಿದವು. ಆದರೆ ನಿರ್ಬಂಧದ ಗುರುತಿದ್ದ ಕಾರ್ಯಕ್ರಮ ರೆಕಾರ್ಡ್ ಆದ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತಿತ್ತು. ಕೇಬಲ್ ಕಂಪನಿ ಬಾಡಿಗೆಗೆ ಕೊಡುವ ಡಿವಿಆರ್ ಎಲ್ಲಕ್ಕಿಂತ ಸುಲಭ, ಚಿತ್ರವೂ ಮೂಲದ್ದೇ. ಆದರೆ ಬಾಕ್ಸು ಕೆಟ್ಟ ದಿನ, ಚಂದಾ ನಿಲ್ಲಿಸಿದ ದಿನ, ಕಂಪನಿ ಬಾಕ್ಸು ವಾಪಸು ಒಯ್ದ ದಿನ ಅದರೊಳಗಿನ ರೆಕಾರ್ಡಿಂಗುಗಳ ಕತೆ ಮುಗಿಯಿತು. ನಮ್ಮ ಡಿಟಿಎಚ್ ಕಂಪನಿಗಳ ರೆಕಾರ್ಡಿಂಗ್ ಬಾಕ್ಸುಗಳದ್ದೂ ಇದೇ ಪಾಡು. ಒಳಗಿನ ಹಾರ್ಡ್ ಡಿಸ್ಕನ್ನು ಬಿಚ್ಚಿ ಕಂಪ್ಯೂಟರಿಗೆ ಹಾಕಿದರೆ ಓದಲಾಗದ ಕಲಸುಮೇಲೋಗರ ಕಾಣುತ್ತದೆ. ಹಾಪಾಗ್ ಡಬ್ಬಿ ಕೊಡುತ್ತಿದ್ದ ಚಿತ್ರ ಎರಡನೇ ದರ್ಜೆಯದು. ಆದರೆ ಅದು ಸಾಕಷ್ಟು ಕಸುವಿರುವ ಯಾವ ಯಂತ್ರದಲ್ಲಾದರೂ ಓಡುವ, ಕತ್ತರಿಸಿ ಜೋಡಿಸಬಹುದಾದ, ಅವಧಿ ಮುಗಿಯುವ ದಿನವೇ ಇಲ್ಲದ ಫೈಲು.

ಇದರ ನಿಜವಾದ ಗಿರಾಕಿಗಳು ಯಾರೆಂದು ಕಂಪನಿಗಿಂತ ಮೊದಲು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ತಂತ್ರಾಂಶದ ಬಳಗ ಕಂಡುಕೊಂಡಿತು. ಸ್ವಯಂಸೇವಕರು ಬರೆದ ಡ್ರೈವರ್ 2009ರಲ್ಲಿ ಲಿನಕ್ಸ್ ಕರ್ನಲ್‌ನ 2.6.30 ಆವೃತ್ತಿಗೆ ಸೇರಿತು. 2002ರಿಂದ ಬೆಳೆದುಬಂದ ಮಿಥ್‌ಟಿವಿ ಎಂಬ, ಟಿವಿ ರೆಕಾರ್ಡ್ ಮಾಡುವ ಮುಕ್ತ ತಂತ್ರಾಂಶ ಈ ಡಬ್ಬಿಯನ್ನು ಸೇರಿಸಿಕೊಂಡಿತು. ಕಾರ್ಯಕ್ರಮಗಳ ವೇಳಾಪಟ್ಟಿ ಉಚಿತವಾಗಿ ಸಿಗುವುದು 2007ರಲ್ಲಿ ನಿಂತಾಗ, ಮುಕ್ತ ತಂತ್ರಾಂಶದ ಈ ಬಳಗದವರೇ ಲಾಭರಹಿತ ಸಂಸ್ಥೆಯೊಂದನ್ನು ಕಟ್ಟಿ, ಸ್ವಲ್ಪ ಚಂದಾ ಹಾಕಿ ಪಟ್ಟಿಯನ್ನು ಕೊಂಡು ಹಂಚಿಕೊಂಡರು. ಒಂದು ಧಾರಾವಾಹಿಯನ್ನು ತಪ್ಪದೆ ಹಿಡಿಯಲು ಇಷ್ಟು ಪಾಡೇ ಎಂದು ಹೊರಗಿನವರಿಗೆ ಅನ್ನಿಸಬಹುದು.

ಕಾನೂನಿನ ನೆಲ ಮಾತ್ರ ಗಟ್ಟಿಯಾಗಿತ್ತು. ಮನೆಯಲ್ಲಿ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿ ಆಮೇಲೆ ನೋಡುವುದು ತಪ್ಪಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲೇ ಸೋನಿ ಬೀಟಾಮ್ಯಾಕ್ಸ್ ಮೊಕದ್ದಮೆಯಲ್ಲಿ ಹೇಳಿತ್ತು. ಐದು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. 1998ರ ಕಾಯ್ದೆ ಡಿಜಿಟಲ್ ಬೀಗ ಒಡೆಯುವುದನ್ನು ಅಪರಾಧವಾಗಿಸಿತು. ಕಾಂಪೊನೆಂಟ್ ದಾರಿಯಲ್ಲಿ ಎಚ್‌ಡಿಸಿಪಿಯಂಥ ಬೀಗವೇ ಇಲ್ಲವಾದ್ದರಿಂದ ಒಡೆಯುವ ಪ್ರಶ್ನೆ ಏಳಲಿಲ್ಲ. ಭಾರತದಲ್ಲೂ ಕೃತಿಸ್ವಾಮ್ಯ ಕಾಯ್ದೆಯ 39ನೇ ಸೆಕ್ಷನ್, ಸ್ವಂತ ಬಳಕೆಗಾಗಿ ಅಥವಾ ಪ್ರಾಮಾಣಿಕ ಬೋಧನೆ, ಸಂಶೋಧನೆಗಾಗಿ ಪ್ರಸಾರವನ್ನು ಧ್ವನಿ ಅಥವಾ ದೃಶ್ಯವಾಗಿ ದಾಖಲಿಸುವುದು ಪ್ರಸಾರಕರ ಹಕ್ಕಿನ ಉಲ್ಲಂಘನೆಯಲ್ಲ ಎನ್ನುತ್ತದೆ. 2012ರ ತಿದ್ದುಪಡಿಯಲ್ಲಿ ಬೀಗ ಒಡೆಯುವುದಕ್ಕೆ ಇಲ್ಲೂ ಶಿಕ್ಷೆ ಬಂತು. ರೆಕಾರ್ಡ್ ಮಾಡಿದ್ದನ್ನು ಊರಿಗೆಲ್ಲ ಹಂಚುವುದು ಬೇರೆಯೇ ವಿಷಯ, ಅದಕ್ಕೆ ಈ ಸೆಕ್ಷನ್ನು ಆಸರೆಯಲ್ಲ.

ಡಬ್ಬಿಯ ಆಯುಷ್ಯವನ್ನು ಕುಗ್ಗಿಸಿದ್ದು ಕೋರ್ಟಲ್ಲ, ವಿನಾಯಿತಿಗಳು ಮತ್ತು ಒಪ್ಪಂದಗಳು. 2010ರ ಮೇನಲ್ಲಿ ಎಫ್‌ಸಿಸಿ ತನ್ನದೇ ನಿಯಮಕ್ಕೆ ವಿನಾಯಿತಿ ಕೊಟ್ಟು, ಡಿಸ್ಕಿನಲ್ಲಿ ಬರುವ ಮೊದಲೇ ಟಿವಿಗೆ ಬರುವ ಹೊಸ ಸಿನಿಮಾಗಳಿಗೆ ಸೀಮಿತ ಅವಧಿಯವರೆಗೆ ಅನಲಾಗ್ ಕಿಂಡಿ ಮುಚ್ಚಲು ಒಪ್ಪಿತು. ಬ್ಲೂರೇ ಉದ್ಯಮದ ಪರವಾನಗಿ ಷರತ್ತುಗಳು 2011ರಿಂದ ಹೊಸ ಪ್ಲೇಯರುಗಳ ಅನಲಾಗ್ ಚಿತ್ರವನ್ನು ಎಚ್‌ಡಿಯಿಂದ ಕೆಳಗಿಳಿಸಿ, 2013ರ ನಂತರ ಆ ಕಿಂಡಿಯನ್ನೇ ತೆಗೆದುಹಾಕಿಸಿದವು. ಅಷ್ಟರಲ್ಲಿ ಡಬ್ಬಿಗೆ ಹೊಸ ನೆಂಟರು ಸಿಕ್ಕಿದ್ದರು. 2008ರ ಕೊನೆಗೆ ಯೂಟ್ಯೂಬ್ ಎಚ್‌ಡಿ ವಿಡಿಯೊ ತೋರಿಸಲು ಶುರುಮಾಡಿದ್ದೇ ತಡ, ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್ ಆಡುವ ಹುಡುಗರು ತಮ್ಮ ಆಟವನ್ನು ಹಿಡಿದು ಲೋಕಕ್ಕೆ ತೋರಿಸಲು ಇದನ್ನೇ ಕೊಂಡರು. 2012ರ ಎಚ್‌ಡಿ ಪಿವಿಆರ್ 2 ಬಂದಾಗ ಎಚ್‌ಡಿಎಂಐ ಕಿಂಡಿ ಇತ್ತು, ಜಾಹೀರಾತಿನಲ್ಲಿ ಆಟಗಳೇ ತುಂಬಿದ್ದವು, ಟಿವಿ ಮೂಲೆಗೆ ಸರಿದಿತ್ತು.

ಹೀಗೆ ಟಿವಿ ಕಾರ್ಯಕ್ರಮಗಳನ್ನು ಕೂಡಿಡುವುದು ಹುಚ್ಚರ ಹವ್ಯಾಸವೆಂದು ತಳ್ಳಿಹಾಕುವುದು ಸುಲಭ. ಆದರೆ ಪ್ರಸಾರ ಸಂಸ್ಥೆಗಳ ಇತಿಹಾಸ ಹಾಗೆ ಹೇಳುವುದಿಲ್ಲ. ಬಿಬಿಸಿಯಂಥ ಸಂಸ್ಥೆಯೇ 1960ರ ದಶಕದ ‘ಡಾಕ್ಟರ್ ಹೂ’ ಸರಣಿಯ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿತು; ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇವತ್ತಿಗೂ ಸಿಕ್ಕಿಲ್ಲ. ಆದರೆ ಆ ಎಲ್ಲ ಕಂತುಗಳ ಧ್ವನಿ ಉಳಿದಿದೆ. ಅಭಿಮಾನಿಗಳು ಮನೆಯಲ್ಲಿ ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದರಿಂದ. ಫಿಲಡೆಲ್ಫಿಯಾದ ಮ್ಯಾರಿಯನ್ ಸ್ಟೋಕ್ಸ್ ಹಿಂದೆ ಗ್ರಂಥಪಾಲಕಿಯಾಗಿದ್ದವರು. 1979ರ ಇರಾನ್ ಒತ್ತೆಯಾಳುಗಳ ಬಿಕ್ಕಟ್ಟಿನ ಕಾಲಕ್ಕೆ ಆರಂಭಿಸಿ 2012ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೂ ಅವರು ಹಲವು ಸುದ್ದಿ ಚಾನೆಲ್ಲುಗಳನ್ನು ಹಗಲೂ ರಾತ್ರಿ ಟೇಪಿಗಿಳಿಸಿದರು. ಸುಮಾರು 70,000 ಕ್ಯಾಸೆಟ್ಟುಗಳ ಆ ರಾಶಿ ಇಂಟರ್ನೆಟ್ ಆರ್ಕೈವ್ ಸೇರಿತು. ಈಗ ಕಾಲ ಬದಲಾಗಿದೆ, ಎಲ್ಲವೂ ಒಟಿಟಿಯಲ್ಲಿ ಇದ್ದೇ ಇರುತ್ತದೆ ಎನ್ನುವವರು ‘ವಿಲೋ’ ಸರಣಿಯ ಗತಿ ನೋಡಬೇಕು. 2022ರ ನವೆಂಬರಿನಲ್ಲಿ ಬಂದ ಅದನ್ನು ಡಿಸ್ನಿ ಪ್ಲಸ್ 2023ರ ಮೇನಲ್ಲಿ ತನ್ನ ವೇದಿಕೆಯಿಂದ ತೆಗೆದುಹಾಕಿತು. ಚಂದಾ ಕಟ್ಟಿದವನ ಕೈಯಲ್ಲಿ ಉಳಿದದ್ದು ರಸೀದಿ.

ಇವತ್ತು ಕನ್ನಡದ ಓದುಗರೊಬ್ಬರು ಟಿವಿ ರೆಕಾರ್ಡ್ ಮಾಡಲು ಈ ಡಬ್ಬಿಯನ್ನು ಹುಡುಕಿಕೊಂಡು ಹೋಗಬೇಕೆ? ಬೇಡ. ಹೊಸ ಬಾಕ್ಸುಗಳಲ್ಲಿ ಕಾಂಪೊನೆಂಟ್ ಕಿಂಡಿ ಸಿಗುವುದೇ ಅಪರೂಪ. ಸಾವಿರ ರೂಪಾಯಿ ಆಸುಪಾಸಿನಲ್ಲಿ ಆನ್‌ಲೈನಿನಲ್ಲಿ ಸಿಗುವ ಹೆಬ್ಬೆಟ್ಟಿನಗಲದ ಎಚ್‌ಡಿಎಂಐ ಕ್ಯಾಪ್ಚರ್ ಸಾಧನಗಳು ಕ್ಯಾಮೆರಾಕ್ಕೆ, ಆನ್‌ಲೈನ್ ಪಾಠಕ್ಕೆ ಸರಿ. ಬೀಗ ಹಾಕಿದ ಚಿತ್ರಕ್ಕೆ ಅವೂ ಕಪ್ಪು ಪರದೆಯನ್ನೇ ತೋರಿಸುತ್ತವೆ. ದೂರದರ್ಶನದ ಕನ್ನಡ ವಾಹಿನಿ ಚಂದನವನ್ನು ಹಿಡಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿದೆ. ದೂರದರ್ಶನದ ಫ್ರೀ ಡಿಶ್ ಚಂದಾ ಇಲ್ಲದ ಸೇವೆ, ಅದರಲ್ಲಿ ಬರುವ ಚಂದನಕ್ಕೆ ಗೂಢಲಿಪಿಯ ಕಾಟವಿಲ್ಲ. ಕಂಪ್ಯೂಟರಿಗೆ ಜೋಡಿಸುವ ಉಪಗ್ರಹ ಟ್ಯೂನರೊಂದಿದ್ದರೆ 2002ರಿಂದ ನಡೆದುಬಂದಿರುವ ‘ಥಟ್ ಅಂತ ಹೇಳಿ’ಯಂಥ ಕಾರ್ಯಕ್ರಮವನ್ನು, ಆಕಾಶದಿಂದ ಇಳಿದ ಬಿಟ್ಟುಗಳಲ್ಲಿ ಒಂದನ್ನೂ ಕಳೆಯದೆ, ಹಾಗೇ ಇಳಿಸಿಕೊಳ್ಳಬಹುದು. ಎರಡನೇ ಸಲ ಹಿಂಡುವ ಮಾತೇ ಇಲ್ಲ.

ಆದರೂ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಈ ಡಬ್ಬಿ ಅಡಾಪ್ಟರ್ ಸಮೇತ ಅಗ್ಗಕ್ಕೆ ಕಂಡರೆ ಬಿಡಬೇಡಿ. ಅದರ ಮುಂಭಾಗದಲ್ಲಿ ಎಸ್-ವಿಡಿಯೊ ಮತ್ತು ಹಳದಿ ಪಿನ್ನಿನ ಕಿಂಡಿಗಳಿವೆ, ಹಳೆಯ ವಿಸಿಆರ್‌ಗೆ ಹೇಳಿಮಾಡಿಸಿದಂಥವು. ಅನೇಕ ಮನೆಗಳ ಅಟ್ಟದಲ್ಲಿ ಟಿವಿಯಿಂದ ಹಿಡಿದ ನಾಟಕ, ಯಕ್ಷಗಾನ, ಸಂದರ್ಶನಗಳ ವಿಎಚ್‌ಎಸ್ ಕ್ಯಾಸೆಟ್ಟುಗಳಿವೆ. ಮೂಲ ಪ್ರತಿ ಎಲ್ಲೂ ಉಳಿದಿರದ ಸಾಧ್ಯತೆಯೂ ಇದೆ. ಬೂಷ್ಟು ಹಿಡಿದ ಟೇಪನ್ನು ನೇರ ಹಾಕಬೇಡಿ, ವಿಸಿಆರ್ ತಲೆಯೂ ಹಾಳಾಗುತ್ತದೆ. ಒಳ್ಳೆಯದನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ, 5–6 ಮೆಗಾಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಇಡಿ. ಫೈಲಿನ ಹೆಸರಿನಲ್ಲಿ ಕಾರ್ಯಕ್ರಮ, ಕಲಾವಿದರು, ಪ್ರಸಾರವಾದ ವರ್ಷ ಇರಲಿ. ಡಬ್ಬಿ ಬಿಸಿಯಾದರೆ ಫ್ಯಾನು ಹಾಕಿ.